ಮೊದಲು ಪಕ್ಕದ ನಕ್ಷತ್ರ

ಮೊನ್ನೆ ದೂರದರ್ಶಕದ ಪೆಟ್ಟಿಗೆ ತೆರೆದಾಗ ಲವಂಗದ ವಾಸನೆ ಬಂತು. ಮಸೂರಕ್ಕೆ ಬೂಷ್ಟು ಹಿಡಿಯದಿರಲಿ ಎಂದು ಮೇಡಂ ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟಿದ್ದು. ಲವಂಗಕ್ಕೆಲ್ಲ ಬೂಷ್ಟು ಹೆದರುವುದಿಲ್ಲ ಎಂದು ನಾನು ಎಷ್ಟೋ ಸಲ ವಾದ ಮಾಡಿದ್ದೆ. ಮಸೂರ ಇವತ್ತಿಗೂ ಸ್ವಚ್ಛವಾಗಿದೆ, ಏನು ಹೇಳಲಿ...

ಮೇಡಂ ಶಿರಾದವರು. ಮಧುಗಿರಿಯ ಕಾಲೇಜಿನಲ್ಲಿ ನನಗಿಂತ ಹಿರಿಯ ಭೌತಶಾಸ್ತ್ರ ಉಪನ್ಯಾಸಕಿ; ನಮ್ಮ ಮನೆಯಲ್ಲೇ ಬಾಡಿಗೆಗಿದ್ದರು. ಆ ವರ್ಷ ಉರಗಧರ ಪುಂಜದ ಮಂಕು ನಕ್ಷತ್ರವೊಂದು ಸಿಡಿದು ಬರಿಗಣ್ಣಿಗೇ ಕಾಣತೊಡಗಿತು. ಬೀದಿಗೆ ಬೀದಿಯೇ ನಮ್ಮ ತಾರಸಿ ಹತ್ತಿತು. ನಕ್ಷತ್ರದ ಬೆಳಕು ಇಳಿದ ಮೇಲೆ ಒಬ್ಬರೂ ಇಲ್ಲ. ಮೇಡಂ ಕೆಲಸ ಶುರುವಾದದ್ದೇ ಆಗ.

ಅಲ್ಲಿರುವುದು ನಕ್ಷತ್ರಗಳ ಜೋಡಿ. ದೊಡ್ಡದರ ಅನಿಲವನ್ನು ಪುಟ್ಟದು, ಅಂದರೆ ಉರಿದು ಕುಗ್ಗಿದ ಶ್ವೇತಕುಬ್ಜ, ಎಳೆದುಕೊಂಡು ಮೈಮೇಲೆ ಪೇರಿಸಿಕೊಳ್ಳುತ್ತದೆ. ಒತ್ತಡ, ಕಾವು ಮಿತಿ ಮೀರಿದಾಗ ಸಿಡಿಯುತ್ತದೆ, ಮತ್ತೆ ಪೇರಿಸಲು ಕೂರುತ್ತದೆ. ಅನಿಲ ಸುತ್ತಿ ಸುತ್ತಿ ಬೀಳುವಾಗ ಬೆಳಕು ಸಣ್ಣಗೆ ನಡುಗುತ್ತದೆ. ಸಿಡಿದ ಮೇಲೆ ಆ ನಡುಕ ನಿಂತುಹೋಗಿತ್ತು. ಅದು ಮರಳುವುದನ್ನು ಮೇಡಂ ನೋಡಬೇಕಿತ್ತು, ತಮ್ಮ ಹೃದಯದ ಆಪರೇಷನ್‌ಗೆ ಮುಂಚೆ. ನಕ್ಷತ್ರವೋ ದಿನೇ ದಿನೇ ಪಡುವಣಕ್ಕೆ ಜಾರಿ ಸೂರ್ಯನ ಮರೆಗೆ ಹೊರಟಿತ್ತು.

ಸಂಜೆಯ ನಮಾಜು ಮುಗಿಸಿ, ಮೆಟ್ಟಿಲ ಮೇಲೆ ಕೂತು ಕೂತು ಅವರು ಹತ್ತಿ ಬರುತ್ತಿದ್ದರು. ದೂರದರ್ಶಕಕ್ಕೆ ಕೂರಿಸಿದ ಕ್ಯಾಮೆರಾ ಅಳೆದ ಬೆಳಕು ಲ್ಯಾಪ್‌ಟಾಪ್ ಪರದೆಯ ಮೇಲೆ ನೇರ ಗೆರೆ. ಒಂದು ಸಂಜೆ ಗೆರೆ ನಡುಗಿತು. ನಾನು ಕುಣಿದಾಡಿದೆ, ಸಿಹಿ ಹಂಚುವುದೊಂದು ಬಾಕಿ. ಮೇಡಂ ಕದಲಲಿಲ್ಲ.

"ಪಕ್ಕದ ನಕ್ಷತ್ರ ನೋಡ್ದೇನಮ್ಮ?"

ನೋಡಿದೆ. ಅದೂ ನಡುಗುತ್ತಿತ್ತು. ಎರಡೂ ನಡುಗಿದರೆ ನಡುಕ ನಮ್ಮ ಆಕಾಶದ್ದು; ತೆಳು ಮೋಡ ಹಾದುಹೋಗುತ್ತಿತ್ತು. ನಾನು ಇಂಗು ತಿಂದ ಮಂಗನಂತಾದೆ.

ಮೇಡಂ ನಗಲಿಲ್ಲ. ಹುಲಿಕುಂಟೆ ಕಡೆಯ ತಮ್ಮ ತಾಯಿಯ ಊರಿನ ಮಾತು ತೆಗೆದರು. ಅಲ್ಲಿ ಕೆರೆಯಂಗಳದ ಒರತೆಗುಂಡಿಗೆ ತಲಪರಿಗೆ ಎನ್ನುತ್ತಾರೆ. ಊರವರು ಕೂಡಿ ಅದರ ಹೂಳೆತ್ತಿ ಬರಿದು ಮಾಡುತ್ತಿದ್ದರಂತೆ. ಆಮೇಲೆ ಯಾರೂ ಬಿಂದಿಗೆ ಇಳಿಸುವಂತಿಲ್ಲ. ದಂಡೆಯಲ್ಲಿ ಕೂತು ಕಾಯಬೇಕು.

"ಒರತೆ ಎಲ್ಗೂ ಹೋಗಿರಲ್ಲ ಕಣಮ್ಮ. ನಿಧಾನಕ್ಕೆ ತುಂಬ್ಕೊಳ್ತದೆ. ನಾನಿಲ್ದಿದ್ರೂ ನೀನು ನೋಡು. ಮೊದ್ಲು ಪಕ್ಕದ್ದು ನೋಡ್ಬುಡು."

ನಕ್ಷತ್ರ ಸೂರ್ಯನ ಮರೆಗೆ ಸರಿಯಿತು. ಅದು ಹೊರಬರುವ ಮುಂಚೆಯೇ ಮೇಡಂ ಹೋದರು. ಆಪರೇಷನ್ ಆದರೂ ಹೃದಯ ಚೇತರಿಸಿಕೊಳ್ಳಲಿಲ್ಲ. ತುಂಬ ಅತ್ತೆ...

ಬೇಸಿಗೆಯ ಒಂದು ನಸುಕಿನಲ್ಲಿ ಪೆಟ್ಟಿಗೆ ಹೊತ್ತು ತಾರಸಿ ಹತ್ತಿದೆ. ಮೊದಲು ಪಕ್ಕದ್ದನ್ನೇ ನೋಡಿದೆ. ಅಲುಗದೆ ನಿಂತಿತ್ತು. ನಮ್ಮದು ನಡುಗುತ್ತಿತ್ತು.

ಅದು ಈಗಲೂ ಪೇರಿಸಿಕೊಳ್ಳುತ್ತಲೇ ಇದೆ. ಇನ್ನೊಮ್ಮೆ ಸಿಡಿದೇ ಸಿಡಿಯುತ್ತದೆ, ಬೀದಿ ಮತ್ತೆ ತಾರಸಿ ಹತ್ತುತ್ತದೆ, ನನಗೆ ಅನುಮಾನವಿಲ್ಲ. ಮೊನ್ನೆ ಹೊಸ ಲವಂಗ ಕಟ್ಟಿಟ್ಟೆ. ಮೆಟ್ಟಿಲ ಮೇಲೆ ಕೂತು ಕೂತು ಹತ್ತಿ ಬರುವವರು ಮಾತ್ರ ಇಲ್ಲ.