ಉತ್ತರಕ್ಕೆ ತಿರುಗು ಎಂದಿತು ಕಾರ್ಡು

ಹೊಲದ ಪಕ್ಕದಲ್ಲಿ ನಲವತ್ತು ಕಲ್ಲುಕಂಬ ಬಂದು ಬೀಳಲಿದ್ದವು. ಸೋಮವಾರ ಆಳುಗಳು ಬಂದು ನೆಡಬೇಕು. ಎಲ್ಲಿ? ಬದುವಿನ ಆಚೆ ಅಂಚಿಗೆ, ಅಂದರೆ ಒಂದು ಹೆಜ್ಜೆ ಉತ್ತರಕ್ಕೆ. ಹಾಗಂತ ಹೇಳಿದ್ದು ಯಾರು? ದೇವರು!

ನಗಬೇಡಿ. ನನ್ನ ಹತ್ತಿರ ಕಾರ್ಡು ಇತ್ತು.

ತಾಳವಾಡಿ ಬೆಟ್ಟದಲ್ಲಿ ನಮ್ಮದೊಂದು ಪುಟ್ಟ ಸಭೆ. ಪಣಕಹಳ್ಳಿ, ದೊಡ್ಡಗಾಜನೂರು ಎಲ್ಲ ಸೇರಿಸಿದರೂ ಬೆಂಚು ತುಂಬುವುದಿಲ್ಲ. ಹೊಸ ವರ್ಷದ ಆರಾಧನೆಯ ದಿನ ಒಂದು ಬುಟ್ಟಿ ಇಡುತ್ತೇವೆ. ಬುಟ್ಟಿ ತುಂಬ ಕಾರ್ಡು, ಕಾರ್ಡಿಗೊಂದು ಬೈಬಲ್ ವಚನ. ಕಣ್ಣು ಮುಚ್ಚಿ ಎತ್ತಿದ್ದೇ ಆ ವರ್ಷಕ್ಕೆ ನಿಮ್ಮ ವಾಗ್ದಾನ. ಕ್ಯಾಲೆಂಡರಿನ ಪಕ್ಕ ಅಂಟಿಸಿಕೊಂಡು ಡಿಸೆಂಬರ್ ತನಕ ಅದನ್ನೇ ನೆಚ್ಚಿಕೊಂಡಿರುತ್ತೇವೆ.

ಆ ಕಾರ್ಡುಗಳನ್ನು ಬರೆಯುವವನು ನಾನೇ. (ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ ಹದಿನಾಲ್ಕು ವರ್ಷದಿಂದ ಈ ಕೆಲಸ.) ಕಾರ್ಡು ಅಂಗೈಗಿಂತ ಚಿಕ್ಕದು. ಹಾಗಾಗಿ ಸಿಹಿಯಾದ ಒಂದು ಸಾಲು ಬರೆಯುತ್ತೇನೆ, ಉಳಿದದ್ದನ್ನು ಬಿಟ್ಟುಬಿಡುತ್ತೇನೆ.

ಈ ವರ್ಷ ನಾನು ಎತ್ತಿದ ಕಾರ್ಡಿನಲ್ಲಿದ್ದದ್ದು ಇಷ್ಟು: ನೀವು ಈ ಬೆಟ್ಟ ಸುತ್ತಿದ್ದು ಸಾಕು, ಉತ್ತರಕ್ಕೆ ತಿರುಗಿ.

ಮೈ ಜುಮ್ಮೆಂದಿತು. ಯಾಕೆಂದರೆ, ನನ್ನ ಹೊಲದ ಉತ್ತರಕ್ಕಿರುವುದು ನನ್ನಣ್ಣ ಯೋಸೇಪನ ಹೊಲ. ನಡುವಿನ ಬದು ಯಾರದು ಅಂತ ಒಂಬತ್ತು ವರ್ಷದಿಂದ ಜಗಳ. ಆ ಬದುವಿನ ಅಗಲ ಒಂದೇ ಹೆಜ್ಜೆ. ಅದಕ್ಕಾಗಿ ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿದು ಸತ್ಯಮಂಗಲಕ್ಕೆ ಹೋಗಬೇಕು, ಮನು ಕೊಡಬೇಕು (ಅರ್ಜಿಗೆ ನಮ್ಮ ಕಡೆ ಹಾಗೇ ಅನ್ನುವುದು), ಸರ್ವೆಯರ್ ಇಲ್ಲ ಅನ್ನಿಸಿಕೊಂಡು ಮತ್ತೆ ಇಪ್ಪತ್ತೇಳು ತಿರುವು ಹತ್ತಿ ಬರಬೇಕು. ಸೊಂಟ ಬಿದ್ದುಹೋಗಿದೆ. ಅಣ್ಣನ ಮಗಳ ಮದುವೆಗೂ ನಾನು ಹೋಗಲಿಲ್ಲ. ಅವಳನ್ನು ಎತ್ತಿ ಆಡಿಸಿದವನು ನಾನು. ಈಗಲೂ ಅದು ನೆನಪಾದರೆ ಊಟ ಸೇರುವುದಿಲ್ಲ.

ಅಂಥವನಿಗೆ ‘ಬೆಟ್ಟ ಸುತ್ತಿದ್ದು ಸಾಕು’ ಅಂದರೆ? ಅದೂ ದಿಕ್ಕು ಸಮೇತ? ಕೂಡಲೇ ಕಂಬಕ್ಕೆ ಹೇಳಿದೆ.

ಅಷ್ಟರಲ್ಲಿ ಹಾಸನೂರಿನಲ್ಲಿ ಮೂರು ದಿನದ ತರಬೇತಿ ಬಂತು. ಬೈಬಲನ್ನು ಕ್ರಮವಾಗಿ ಓದಿ ಅರ್ಥ ಮಾಡಿಕೊಳ್ಳುವುದು ಹೇಗೆ ಅಂತ ಕಲಿಸುತ್ತಾರಂತೆ. ಸಭೆಯಿಂದ ಒಬ್ಬರು ಹೋಗಲೇಬೇಕು. ಯಾರು? ಮತ್ತೆ ದುಂಡಗಿನ ಅಕ್ಷರದವನೇ.

ಕಲಿಸಿದವರು ನಮ್ಮ ಕಡೆಯವರೇ ಆದ ಒಬ್ಬ ನಿವೃತ್ತ ಟೀಚರಮ್ಮ. ಅವರದು ಮೂರು ಪ್ರಶ್ನೆ. ಇಲ್ಲಿ ಏನಿದೆ? ಯಾರು, ಯಾರಿಗೆ, ಯಾವಾಗ ಹೇಳಿದ್ದು ಅಂತ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಬೇಕು. ಆಮೇಲೆ, ಅಂದು ಕೇಳಿದವರಿಗೆ ಅದರ ಅರ್ಥವೇನಾಗಿತ್ತು? ಇವೆರಡೂ ಮುಗಿದ ಮೇಲೆಯೇ ಮೂರನೆಯದು: ಇದರಲ್ಲಿ ನನಗೇನು? (ನಾವೆಲ್ಲ ಶುರು ಮಾಡುವುದೇ ಮೂರನೆಯದರಿಂದ.) ಜೊತೆಗೊಂದು ಕಟ್ಟಪ್ಪಣೆ. ಒಂದು ವಚನವನ್ನಷ್ಟೇ ಕಿತ್ತುಕೊಂಡು ಓಡಬಾರದು. ಹಿಂದಿನ ಹತ್ತು ಸಾಲು, ಮುಂದಿನ ಹತ್ತು ಸಾಲು ಓದಲೇಬೇಕು. ಗೆರೆ ಎಳೆದೂ ಎಳೆದೂ ತಲೆ ಚಿಟ್ಟು ಹಿಡಿಯಿತು. ಐವತ್ತೆರಡನೇ ವಯಸ್ಸಿನಲ್ಲಿ ಹೋಂವರ್ಕ್ ಯಾರಿಗೆ ಬೇಕು ಹೇಳಿ?

ಕೊನೆಯ ದಿನ ಒಬ್ಬೊಬ್ಬರೂ ತಮ್ಮಿಷ್ಟದ ಭಾಗ ಆರಿಸಿಕೊಂಡು ಎಲ್ಲರ ಮುಂದೆ ಮಾಡಿ ತೋರಿಸಬೇಕಿತ್ತು. ನಾನು ಜಂಬದಿಂದ ಎದ್ದು ನನ್ನ ಕಾರ್ಡಿನ ಸಾಲು ಓದಿದೆ.

“ಸರಿ ಸಾರ್, ಮುಂದಕ ಓದಿ,” ಎಂದರು ಟೀಚರಮ್ಮ.

ಓದಿದೆ. ವರ್ಷಗಟ್ಟಲೆ ಅಲೆದು ಸುಸ್ತಾದ ಜನಕ್ಕೆ ದೇವರು ಹೇಳಿದ ಮಾತು ಅದು. ಉತ್ತರಕ್ಕೆ ತಿರುಗಿದರೆ ನಿಮ್ಮ ಅಣ್ಣನ ಸಂತತಿಯವರ ನಾಡು ಸಿಗುತ್ತದೆ, ಜೋಪಾನ, ಅವರ ಮೇಲೆ ಜಗಳಕ್ಕೆ ಹೋಗಬೇಡಿ, ಅವರ ನೆಲದಲ್ಲಿ ಒಂದು ಹೆಜ್ಜೆಯಷ್ಟನ್ನೂ ನಾನು ನಿಮಗೆ ಕೊಡುವುದಿಲ್ಲ...

ನನ್ನ ದನಿ ಅಲ್ಲೇ ನಿಂತಿತು.

“ಯಾಕ್ ಸಾರ್ ನಿಲ್ಸ್‌ಬುಟ್ರಿ?”

“ಕನ್ನಡಕ ಮೇಡಂ...” ಅಂದೆ. (ಕನ್ನಡಕ ಮೂಗಿನ ಮೇಲೆಯೇ ಇತ್ತು.)

ಒಂದು ಹೆಜ್ಜೆ! ಅಳತೆ ಸಮೇತ! ಒಂಬತ್ತು ವರ್ಷದಿಂದ ಯಾವ ಸರ್ವೆಯರೂ ಬಂದು ಅಳೆಯದ್ದನ್ನು ಇಲ್ಲಿ ಅಳೆದು ಇಟ್ಟಿದ್ದಾರೆ. ಕಾರ್ಡು ಬರೆಯುವಾಗ ಈ ಸಾಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲವೇ? ಬಿದ್ದಿರುತ್ತದೆ. ಜಾಗ ಇಲ್ಲ ಅಂತ ಬಿಟ್ಟಿರುತ್ತೇನೆ.

ಊರಿಗೆ ಬಂದರೆ ಹೆಂಡತಿ ಸುಗುಣ ಬಾಗಿಲಲ್ಲೇ, “ಕಂಬ ಬಂದವ. ಆಳ್ಗಳು ಸೋಮಾರ ಬತ್ತಾರಂತ,” ಎಂದಳು.

“ಬ್ಯಾಡ ಅಂತ ಯೇಳ್‌ಕಳ್ಸು.”

“ಮೂರ್ ದಿನದಲ್ಲಿ ಅದೇನ್ ಕಲ್ತ್‌ಕಂಡ್ ಬಂದ್ರಿ?”

“ಮುಂದಿನ್ ಸಾಲ ಓದೋದ್ನ.”

ಅವಳು ಕಾಫಿ ಕೊಟ್ಟಳು. ಕುಡಿದು, ಸಂಜೆ ಬೆಳಕಿರುವಾಗಲೇ ಅಣ್ಣನನ್ನು ಹುಡುಕಿಕೊಂಡು ಹೋದೆ. ಅವನು ಹೊಲದಲ್ಲೇ ಇದ್ದ. ಬದುವನ್ನೂ ದಾಟಿ ಈಚೆಗೆ, ನನ್ನ ರಾಗಿ ಪೈರಿನ ನಡುವೆ ಗೂಟ ಹೊಡೆಯುತ್ತಿದ್ದ.

“ಅಣ್ಣಾ, ಬದ ನೀನೇ ಮಡಿಕ. ನಂಗ್ ಸಾಕಾಗ್ಬುಟ್ಟದ,” ಅಂದೆ.

“ಬದ ಮೊದ್ಲಿಂದ್ಲೂ ನಂದೇ ಕಣ್ಲಾ. ಈಗ ಅದ್ರಿಂದ ಈಚ್ಗ ಒಂದ್ ಎಜ್ಜ ಬೇಕು.”

“ಅಂಗಂತ ಯಾರ್ ಯೇಳುದ್ರು?”

“ದ್ಯಾವ್ರು!” ಎಂದು ಜೇಬಿನಿಂದ ಕಾರ್ಡು ತೆಗೆದ. ನಿನ್ನ ಗುಡಾರದ ಜಾಗ ಅಗಲ ಮಾಡು, ಗೂಟಗಳನ್ನು ಭದ್ರ ಮಾಡು.

ಬದುವಿನ ಮೇಲೆ ಕುಳಿತುಬಿಟ್ಟೆ. “ಇದ್ರ ಇಂದ್ಕ ಮುಂದ್ಕ ಓದಿದ್ದಿಯಾ ಅಣ್ಣ? ಎಲ್ಲಾ ಕಳ್ಕಂಡು ಅಳ್ತಿದ್ದೋರ್ಗ ಸಮಾಧಾನ ಯೇಳಿರದು ಅದು. ನಿಂಗ ಮಕ್ಕ ತುಂಬ್ಕತಾವ, ಜಾಗ ಮಾಡ್ಕ ಅಂತ. ತಮ್ಮನ್ ಒಲ ಅಂತ ಎಲ್ಲದ?”

“ಅದೆಲ್ಲ ಇದ್ರಲ್ಲಿ ಇಲ್ವಲ್ಲ!” ಅಣ್ಣ ಕಾರ್ಡನ್ನು ನನ್ನ ಮುಖದ ಹತ್ತಿರ ಹಿಡಿದ. “ಬರ್ದೋನು ನೀನೇ ಅಲ್ವೇನ್ಲಾ?”

ದುಂಡಗಿನ ಅಕ್ಷರ. ನನ್ನದೇ.

ಈಗ ಹೇಳಿ, ನಾನು ಮನು ಕೊಡಬೇಕಾದ್ದು ಯಾರ ಮೇಲೆ?