ಬಟ್ಟಿ ಕೂರಿಸುವ ಮಾಬೂಬಿ

ಮಾಬೂಬಿ ಬೆರಳಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಹೊಟ್ಟೆನೋವೆಂದು ಬಂದವರನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಬಲಗೈಯ ಮೂರು ಬೆರಳಿಗೆ ಔಡಲೆಣ್ಣೆ ಸವರಿಕೊಂಡು, ಹೊಕ್ಕಳ ಸುತ್ತ ಮೆಲ್ಲಗೆ ಊರುತ್ತಿದ್ದಳು. ಆಗ ಅವಳ ಕಣ್ಣು ಎದುರಿನ ಗೋಡೆಯ ಮೇಲಿರುತ್ತಿತ್ತು. ಪಕ್ಕದ ಮನೆಯ ಪಿಸುಮಾತನ್ನು ಕದ್ದು ಕೇಳುವವರ ಹಾಗೆ ಕುತ್ತಿಗೆ ತುಸು ವಾಲಿರುತ್ತಿತ್ತು.

ಹೊಕ್ಕಳಲ್ಲೊಂದು ಮಿಡಿತವಿದೆ, ಭಾರ ಎತ್ತಿದರೆ, ಎಡವಿ ಬಿದ್ದರೆ ಅದು ಜಾಗ ಬಿಟ್ಟು ಸರಿಯುತ್ತದೆ ಎಂದು ನಮ್ಮ ಕಡೆಯ ಜನ ನಂಬುತ್ತಾರೆ. ಅದಕ್ಕೆ ‘ಬಟ್ಟಿ ಸರಿಯುವುದು’ ಎಂದು ಹೆಸರು. ಸರಿದದ್ದನ್ನು ತಿಕ್ಕಿ ಜಾಗಕ್ಕೆ ಕೂರಿಸಲು ಸವಣೂರಿನ ನಮ್ಮ ಓಣಿಗೆ ಮಾಬೂಬಿಯೇ ಆಗಬೇಕು. ಅವಳು ಹೊಟ್ಟೆ ಹೊರೆಯುತ್ತಿದ್ದದ್ದು ಕೌದಿ ಹೊಲಿದು. ಬಟ್ಟಿ ಕೂರಿಸಿದ್ದಕ್ಕೆ ಒಂದು ವೀಳ್ಯದೆಲೆ ಕೊಟ್ಟರೆ ಸಾಕು, ಬಾಯಿಗೆ ಹಾಕಿಕೊಂಡು ಎದ್ದುಹೋಗುವಳು.

ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್‌ಗಳು ದೇಹದ ಚಿತ್ರಪಟ ತೂಗುಹಾಕಿ, ಕೋಲಿನ ತುದಿಯಿಂದ ಹೃದಯ ಎಲ್ಲಿ, ಜಠರ ಎಲ್ಲಿ ಎಂದು ತೋರಿಸಿ ಕಲಿಸಿದ್ದರು. ಆ ಪಟದಲ್ಲಿ ಬಟ್ಟಿ ಎಂಬುದು ಎಲ್ಲೂ ಇರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಸವಣೂರಿಗೆ ಬಂದ ಹೊಸತರಲ್ಲಿ ಮಾಬೂಬಿಯನ್ನು ಕಂಡರೆ ನನಗೆ ನಗು ಬರುತ್ತಿತ್ತು. ನಗು ಹೋಗಿ ಮತ್ಸರ ಬರಲು ಆರು ತಿಂಗಳೂ ಹಿಡಿಯಲಿಲ್ಲ.

ಅದಕ್ಕೆ ಕಾರಣ ನಮ್ಮ ಮಾವನವರು. ಅತ್ತೆ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಯಜಮಾನರು ಹಿರೇಕೆರೂರಿನಲ್ಲಿ ಗುಮಾಸ್ತರು. ಶನಿವಾರ ಬಂದು ಸೋಮವಾರ ಹೋಗುವವರು. ಮಾವನವರು ಎಲೆಬಳ್ಳಿ ತೋಟದಿಂದ ಬಂದ ಮೇಲೆ ಮನೆಯಲ್ಲಿ ನಾವಿಬ್ಬರೇ. ಆದರೂ ಸೊಸೆ ಮಾವನೆದುರು ಕೂರುವ ಹಾಗಿರಲಿಲ್ಲ, ಮುಟ್ಟುವ ಮಾತಂತೂ ದೂರ. ತಾಟು ಇಟ್ಟು, ತಲೆಯ ಮೇಲಿನ ಸೆರಗು ಎಳೆದುಕೊಂಡು, ಬಾಗಿಲ ಹಿಂದೆ ನಿಲ್ಲಬೇಕು. ಅಪ್ಪನನ್ನು ಚಿಕ್ಕಂದಿನಲ್ಲೇ ಕಳೆದುಕೊಂಡಿದ್ದ ನಾನು ಆ ಬಾಗಿಲ ಹಿಂದಿನಿಂದಲೇ ಅವರಿಗೆ ದಿನಪತ್ರಿಕೆ ಓದಿ ಹೇಳುತ್ತಿದ್ದೆ. ಅವರು ‘ಹೂಂ’ ಎಂದರೆ ಅದೇ ನನಗೆ ಹಬ್ಬ.

ಮಾಬೂಬಿ ಹಿತ್ತಲ ಬಾಗಿಲಿನಿಂದ ನೆಟ್ಟಗೆ ಬಂದು ಅವರ ಹೊರಸಿನ ಮೇಲೇ ಕುಳಿತುಬಿಡುವಳು.

“ಏನ್ರೀ ಅಣ್ಣಾರ, ನಿಮ್ಮ ಎಲಿಗಿಂತ ನೀವ ಬಾಡೀರಲ್ರಿ!”

“ನಿನ್ನ ಬಾಯಿ ಕೇಳಿದ್ರ ಬಳ್ಳೀನ ಬಾಡ್ತಾವ. ನನ್ನದೇನ್ ಬಿಡವಾ!”

ಇಬ್ಬರೂ ಕೆಮ್ಮು ಬರುವ ತನಕ ನಗುವರು. ನನ್ನ ಓದಿಗೆ ಅವರು ಒಮ್ಮೆಯೂ ಹಾಗೆ ನಕ್ಕಿರಲಿಲ್ಲ. ಅವಳು ಹೋದ ಮೇಲೆ ಹಾಸಿಗೆಯ ಮೇಲಿನ ಎಣ್ಣೆಕಲೆಯನ್ನು ನಾನು ಬೇಕಾದದ್ದಕ್ಕಿಂತ ಜೋರಾಗಿ ತಿಕ್ಕಿ ತೊಳೆಯುತ್ತಿದ್ದೆ.

ಒಂದು ದಿನ ಮಾವನವರು ತೋಟದಿಂದ ಬೇಗ ಬಂದು ಮಲಗಿದರು. “ಬಟ್ಟಿ ಸರದೈತಿ ಕಾಣ್ತೈತಿ. ಹೊಟ್ಟ್ಯಾಗ ಧಡ್ ಧಡ್ ಅನ್ನಾಕತ್ತೈತಿ” ಎಂದರು. ವಾಯು ಇರಬೇಕೆಂದು ನಾನು ಓಮಿನ ನೀರು ಕಾಯಿಸಿ ಇಟ್ಟೆ. ಅವರು ಅದನ್ನು ಮುಟ್ಟದೆ ಮಾಬೂಬಿಗೆ ಹೇಳಿಕಳಿಸಿದರು.

ಅವಳು ಬೆರಳೂರಿದಳು. ಆ ದಿನ ಅವಳ ಕಣ್ಣು ಗೋಡೆಯ ಮೇಲೆ ನಿಲ್ಲಲಿಲ್ಲ. ಇಳಿದು ಮಾವನವರ ಮುಖಕ್ಕೆ ಬಂತು. ಬಿಸಿ ತಾಗಿದವಳ ಹಾಗೆ ಕೈ ಎತ್ತಿಬಿಟ್ಟಳು.

“ಅಣ್ಣಾರ, ಇದು ಬಟ್ಟಿ ಅಲ್ರಿ. ಬಟ್ಟಿ ಬೆರಳಿಗೆ ಕೆಳಗಿಂದ ಬಡೀತೈತಿ. ಇದು ನನ್ನ ಬೆರಳನ್ನ ಅತ್ತಾಗೊಂದು ಇತ್ತಾಗೊಂದು ದೂಡಾಕತ್ತೈತಿ.”

“ತಿಕ್ಕಿ ಕೂಡಸಿಬಿಡು.”

“ಖರೇ ಹೇಳ್ತೇನಿ, ಇದನ್ನ ನಾ ಒತ್ತೂದಿಲ್ಲ. ಯಾರಿಗೂ ಒತ್ತಾಕ ಕೊಡಬ್ಯಾಡ್ರಿ. ದೊಡ್ಡ ದವಾಖಾನಿಗೆ ಹೋಗ್ರಿ.”

ಹುಬ್ಬಳ್ಳಿಯ ಡಾಕ್ಟರು ಪರೀಕ್ಷೆ ಮಾಡಿ, ಫೋಟೋ ತೆಗೆಸಿ, “ನಿಮ್ಮನ್ನು ಕಳಿಸಿದ ಡಾಕ್ಟರು ಯಾರು?” ಎಂದು ಕೇಳಿದರು. ಕೌದಿ ಹೊಲಿಯುವ ಹೆಂಗಸೆಂದು ಯಜಮಾನರು ಹೇಳಿದಾಗ ಅವರು ನಗಲಿಲ್ಲ. “ಬಹಳ ಜಾಣೆ” ಎಂದರು. ಚಿತ್ರಪಟ ನೋಡಿ ಕಲಿತು ಓಮಿನ ನೀರು ಕಾಯಿಸಿದವಳು ಅಲ್ಲೇ ಮೂಲೆಯಲ್ಲಿ ನಿಂತಿದ್ದಳು.

ಎದೆಯಿಂದ ಇಳಿದುಬರುವ ದೊಡ್ಡ ರಕ್ತನಾಳ ಹೊಟ್ಟೆಯಲ್ಲಿ ಉಬ್ಬಿದೆ, ಸದ್ಯಕ್ಕೆ ಸಣ್ಣದು, ಆಗಾಗ ತೋರಿಸುತ್ತಿರಿ ಎಂದರು ಡಾಕ್ಟರು. ಆಮೇಲೆ ಮಾವನವರ ಜೇಬಿನ ಬೀಡಿಕಟ್ಟು ನೋಡಿ, ಕುರ್ಚಿ ಮುಂದಕ್ಕೆಳೆದುಕೊಂಡು, “ನೀವೆಲ್ಲ ಹೊಟ್ಟೆಯನ್ನೇ ಕಾಯುತ್ತ ಕೂತು ಎದೆಯನ್ನು ಮರೆಯಬೇಡಿ. ಈ ನಾಳ ಕೆಡಿಸಿದ ಬೀಡಿ ಹೃದಯದ ನಾಳಗಳನ್ನು ಸುಮ್ಮನೆ ಬಿಟ್ಟಿರುತ್ತದೆಯೇ? ಈ ಉಬ್ಬು ಒಡೆಯುವ ಮೊದಲೇ ಹೃದಯ ಕೈಕೊಡಬಹುದು. ನನಗಿರುವ ಭಯ ಅದೇ” ಎಂದರು. ಬೀಡಿ ಪೂರ್ತಿ ಬಿಡಬೇಕು, ಉಪ್ಪು ಕಡಿಮೆ, ರಕ್ತದೊತ್ತಡದ ಗುಳಿಗೆ ತಪ್ಪಬಾರದು.

ಅದನ್ನೆಲ್ಲ ದುಂಡಗೆ ಬರೆದು ಗೋಡೆಗೆ ಅಂಟಿಸಿದೆ. ಪತ್ರಿಕೆಯ ಜೊತೆಗೆ ದಿನವೂ ಅದನ್ನೂ ಓದಿದೆ. ಮಾವನವರು ಹೂಂಗುಟ್ಟಿ ಬೀಡಿ ಹಚ್ಚುವರು.

“ರೋಗ ಇರೂದು ಹೊಟ್ಟ್ಯಾಗ. ಹೊಗಿ ಹೋಗೂದು ಎದಿಗಲ್ಲೇನವಾ?”

“ಅದಕ್ಕ ಬ್ಯಾಡ ಅಂದಾರ್ರಿ ಮಾವಾರ” ಎಂದೆ ಬಾಗಿಲ ಹಿಂದಿನಿಂದ. ಬಾಗಿಲ ಹಿಂದಿನ ಮಾತಿಗೆ ಎಷ್ಟು ಬಲವಿದ್ದೀತು!

ಮಾಬೂಬಿ ನನ್ನ ಚೀಟಿಯನ್ನು ಓದಲಾರಳು. ನನ್ನಿಂದ ಒಮ್ಮೆ ಕೇಳಿಸಿಕೊಂಡಳು, ಅಷ್ಟೇ. ಶುಕ್ರವಾರಕ್ಕೊಮ್ಮೆ ಬಂದು, ಒತ್ತದೆ, ಬರಿಗೈಯನ್ನು ಮಾವನವರ ಹೊಟ್ಟೆಯ ಮೇಲೆ ಹೂವಿಟ್ಟ ಹಾಗೆ ಇಟ್ಟು ಗೋಡೆ ನೋಡುವಳು.

“ಅಣ್ಣಾರ, ಇವತ್ತ ಎರಡು ಬೀಡಿ.”

ಅವರು ಹೌಹಾರಿದರು. “ನಿನಗ್ಹೆಂಗ ಗೊತ್ತಾತು?”

“ನಾಡಿ ಚಾಡಿ ಹೇಳ್ತೈತ್ರಿ.”

ನಾಲ್ಕೈದು ಶುಕ್ರವಾರದಲ್ಲಿ ಬೀಡಿಕಟ್ಟು ಮನೆಯಿಂದಲೇ ಮಾಯವಾಯಿತು. ಅವರು ಬದುಕಬೇಕೆಂದು ನಾನೆಷ್ಟು ಬಯಸಿದ್ದೆನೋ ದೇವರಿಗೆ ಗೊತ್ತು. ಆದರೆ ಬದುಕಿಸಿದವಳು ನಾನಾಗಬೇಕಿತ್ತು. ಅವಳ ಕೈ ಇಳಿದ ಜಾಗದಲ್ಲಿ ಅಂಗಿಯ ಮೇಲೆ ಬಿದ್ದ ಸಣ್ಣ ಸುಕ್ಕು ಕೂಡ ನನ್ನ ಕಣ್ಣಿಗೆ ಚುಚ್ಚುತ್ತಿತ್ತು.

ಕೆಲವು ತಿಂಗಳ ಮೇಲೆ ಮಗಳ ಬಾಣಂತನಕ್ಕೆಂದು ಮಾಬೂಬಿ ಹಾನಗಲ್ಲಿಗೆ ಹೊರಟಳು. ಹೋಗುವ ಮುನ್ನ ನನ್ನನ್ನು ಹಿತ್ತಲಿಗೆ ಕರೆದಳು.

“ಅಕ್ಕಾರ, ಬೆರಳಿಗೇನ್ ಗೊತ್ತಾಗ್ತೈತ್ರಿ, ಮಣ್ಣು! ಅಂಗಿ ವಾಸನಿ ನೋಡಿ ಹೇಳ್ತಿದ್ನಿ. ಇನ್ನ ನಿಮ್ಮ ಪಾಳಿ. ವಾಸನಿ ಬಂತಂದ್ರ ಹಾನಗಲ್ ಬಸ್ಸಿನ ಕಂಡಕ್ಟರ್ ಕೂಡ ಹೇಳಿ ಕಳಸ್ರಿ. ಮಗಳು ಹಡೀತಿದ್ರೂ ಬಿಟ್ಟು ಬಂದಬಿಡ್ತೇನಿ.”

ಹದಿನೈದು ದಿನಕ್ಕೆ, ಒಗೆಯಲು ತೆಗೆದ ಅಂಗಿಯಲ್ಲಿ ಆ ವಾಸನೆ ಬಂತು. ಮಾರನೆಯ ದಿನ ಮಾವನವರು ಎಂದೂ ಇಲ್ಲದೆ ಅಡಿಗೆಮನೆಯ ಬಾಗಿಲಿಗೇ ಬಂದು ನಿಂತರು. ತಪ್ಪು ಮಾಡಿದ ಹುಡುಗನ ಮುಖ.

“ಯವ್ವಾ, ಊಟ ಆದ ಮ್ಯಾಲ ಒಂದ ಒಂದು. ಮಾಬೂಬಿಗೆ ಹೇಳಬ್ಯಾಡ. ನಮ್ಮಿಬ್ಬರೊಳಗ ಇರಲಿ.”

ನಮ್ಮಿಬ್ಬರೊಳಗ! ರೊಟ್ಟಿ ಹೆಂಚಿನ ಮೇಲೆ ಸೀದುಹೋಯಿತು. ನನಗೆ ಗೊತ್ತೇ ಆಗಲಿಲ್ಲ. ಅಂದಿನಿಂದ ಯಾರಿಗೂ ವಾಸನೆ ಹತ್ತದಂತೆ ಅವರ ಅಂಗಿಯನ್ನು ಬೇರೆಯಾಗಿ ನೆನೆಹಾಕಿದೆ. ಬೀಡಿಯ ತುಂಡುಗಳನ್ನು ನಾನೇ ಆರಿಸಿ ಒಲೆಗೆ ಹಾಕಿದೆ. ಹಾನಗಲ್ ಬಸ್ಸು ದಿನವೂ ಓಡುತ್ತಿತ್ತು. ನಾನು ಹೇಳಿ ಕಳಿಸಲಿಲ್ಲ. ಬೀಡಿ ಒಂದರಿಂದ ನಾಲ್ಕಾಯಿತು. ಆಗಲೂ ಕಳಿಸಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಮಾವನವರು ದವಡೆ ಒತ್ತಿಕೊಂಡು ಕುಳಿತರು. ಮೈಯೆಲ್ಲ ಬೆವರು. “ಹೊಟ್ಟಿ ನೋಯಾಕತ್ತಿಲ್ಲ, ಹೆದರಬ್ಯಾಡ್ರಿ” ಎಂದು ನಮಗೇ ಧೈರ್ಯ ಹೇಳಿದರು. ಯಜಮಾನರು ಕಾರು ತರಲು ಓಡಿದರು. ಬಾಗಿಲ ಹಿಂದೆ ನಿಂತಿದ್ದ ನಾನು ಅದೊಂದು ದಿನ ಹೊಸ್ತಿಲು ದಾಟಿದೆ.

“ಮಾಬೂಬಿ ಇಲ್ಲ. ನೀನ ನೋಡವಾ, ಹೆಂಗೈತಿ?” ಎಂದರು.

ಹೊಟ್ಟೆಯ ಮೇಲೆ ಕೈ ಇಟ್ಟೆ. ಮಿಡಿತ ಇದ್ದ ಜಾಗದಲ್ಲೇ ಇತ್ತು. “ಏನೂ ಆಗಿಲ್ರಿ ಮಾವಾರ” ಎಂದೆ. ಹೊಟ್ಟೆಗೆ ಏನೂ ಆಗಿರಲೂ ಇಲ್ಲ. ಶಿಗ್ಗಾವಿ ದಾಟಿ ತಡಸ ಮುಟ್ಟುವುದರೊಳಗೆ ಅವರ ಹೃದಯ ನಿಂತುಹೋಯಿತು.

ಮಾಬೂಬಿ ಬಂದು ಅತ್ತು ಹೋದಳು. ಮುಂದೆ ಮಗಳ ಹತ್ತಿರವೇ ಉಳಿದಳು. ಮೂರು ನಾಲ್ಕು ವರ್ಷಗಳ ಮೇಲೆ ಹಾನಗಲ್ಲಿನ ಬಸ್ ನಿಲ್ದಾಣದಲ್ಲಿ, ಕೌದಿಯ ಗಂಟಿನ ಮೇಲೆ ಕುಳಿತಿದ್ದವಳು ನನ್ನನ್ನು ಗುರುತಿಸಿ ಕೂಗಿದಳು. ಮಕ್ಕಳು ಮರಿ ಎಲ್ಲ ವಿಚಾರಿಸಿದಳು. ನನಗೆ ತಡೆಯಲಾಗಲಿಲ್ಲ.

“ಅವ್ರು ಮತ್ತ ಬೀಡಿ ಹಚ್ಚಿದ್ರು, ಮಾಬೂಬಿ. ನನಗ ಗೊತ್ತಿತ್ತು. ನಿಮಗ ಹೇಳಿ ಕಳಸಲಿಲ್ಲ.”

ಅವಳು ಬಾಯಿಯೊಳಗಿನ ಎಲೆ ಅಗಿಯುವುದನ್ನು ನಿಲ್ಲಿಸಿದಳು. “ಅಣ್ಣಾರು ಹೇಳಬ್ಯಾಡ ಅಂದಿದ್ರೇನ್ರಿ?”

“ಹೂಂ. ನಮ್ಮಿಬ್ಬರೊಳಗ ಇರಲಿ ಅಂದ್ರು.”

ಅವಳ ಬಸ್ಸು ಬಂತು. ಗಂಟು ಎತ್ತಿಕೊಡಲು ಹೋದೆ, ಅವಳು ಕೊಡಲಿಲ್ಲ.

“ನಿಮ್ಮಿಬ್ಬರೊಳಗ ಅಂದ್ರಾ?” ಮೆಟ್ಟಿಲ ಮೇಲೆ ನಿಂತು ಮತ್ತೊಮ್ಮೆ ಕೇಳಿದಳು. “ಅಷ್ಟ್ ವರ್ಷ ನನ್ನ ಕೂಡ ನಕ್ರು, ಬೈದ್ರು. ನನಗ ಒಂದ ಗುಟ್ಟೂ ಹೇಳಲಿಲ್ಲ ನೋಡ್ರಿ.”

ಕಿಟಕಿಯ ಪಕ್ಕ ಕುಳಿತವಳು ನನ್ನತ್ತ ತಿರುಗಲಿಲ್ಲ. ಮುಂದೆ ನಾವು ಭೇಟಿಯಾಗಲೇ ಇಲ್ಲ. ಬೈದಿದ್ದರೆ ಅಲ್ಲೇ ಅತ್ತು ಹಗುರಾಗುತ್ತಿದ್ದೆ. ಮಾಬೂಬಿ ಬೈಯಲಿಲ್ಲ. ನನ್ನನ್ನು ಕಂಡು ಹೊಟ್ಟೆಕಿಚ್ಚುಪಟ್ಟಳು.