ಎರಡು ಬಣಗಳ ನಡುವಿನ ಬಾಗಿನ

ನಮ್ಮಣ್ಣ ಗೌರಿ ಹಬ್ಬದ ಬಾಗಿನವನ್ನು ಬಸ್ಸಿನಲ್ಲಿ ತರುತ್ತಿದ್ದ. ಶ್ರೀನಿವಾಸಪುರದಿಂದ ಕೋಲಾರಕ್ಕೆ ಒಂದು ಬಸ್ಸು, ಕೋಲಾರದಿಂದ ವಕ್ಕಲೇರಿಗೆ ಇನ್ನೊಂದು. ಜೋಡಿ ಮೊರವನ್ನು ಹೊಸ ಟವೆಲಿನಲ್ಲಿ ಕಟ್ಟಿ ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿರುತ್ತಿದ್ದ. ಕಂಡಕ್ಟರು ಮೇಲಿಡಿ ಅಂದರೂ ಕೇಳುತ್ತಿರಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು, ದೇವರ ಮುಂದೆ ನಿಂತು "ತಗೋಮ್ಮಾ" ಅಂತ ಮೊರ ಎತ್ತಿ ಕೊಡುತ್ತಿದ್ದ. ನಾನು ಸೆರಗೊಡ್ಡಿ ತೆಗೆದುಕೊಳ್ಳುತ್ತಿದ್ದೆ. ನಮ್ಮ ಕಡೆ ತವರಿನ ಬಾಗಿನ ಹಾಗೇ ಬರಬೇಕು, ಅಣ್ಣನ ಕೈಯಿಂದ ತಂಗಿಯ ಸೆರಗಿಗೆ. ಯಾರ ಕೈಲೋ ಕಳಿಸಿದರೆ, ಮೂಲೆಯಲ್ಲಿ ಇಟ್ಟು ಹೋದರೆ, ಅದು ಬರೀ ಅಕ್ಕಿ ಬೇಳೆ ಬೆಲ್ಲ.

ನನ್ನ ಮದುವೆ ಮಾಡಿಸಿದ್ದೇ ಪಕ್ಷ ಅನ್ನಬೇಕು. ಅಣ್ಣನೂ ನಮ್ಮ ಮನೆಯವರೂ ಒಂದೇ ಬಾವುಟ ಹಿಡಿದು ಓಡಾಡಿದವರು. ಪೋಸ್ಟರ್ ಅಂಟಿಸಲು ಮೈದಾಹಿಟ್ಟಿನ ಗಂಜಿ ಕಾಯಿಸುವಾಗ ಪರಿಚಯವಾಯಿತಂತೆ. ಆಮೇಲೊಂದು ದಿನ ಮುಳಬಾಗಿಲಿನ ಸಮಾವೇಶದಲ್ಲಿ ಊಟ ಸಾಲದೆ ಬಂದು, ಇಬ್ಬರೂ ಒಂದೇ ಎಲೆಯಲ್ಲಿ ಚಿತ್ರಾನ್ನ ತಿಂದರಂತೆ. ಎಲೆ ಮುಂದೆ ಕೂತೇ ಅಣ್ಣ, "ನಮ್ಮ ತಂಗೀನ ಕೊಡ್ತೀನಿ, ಮಾಡ್ಕೋತೀಯೇನ್ಲಾ?" ಅಂದನಂತೆ. ನನ್ನನ್ನು ಯಾರು ಕೇಳಿದರು! ಆದರೂ ಒಪ್ಪಿದೆ, ಚೆನ್ನಾಗಿಯೂ ಬಾಳಿದೆ. ಮಾವಿನ ತೋಪಿನ ಮನೆಯಿಂದ ಬಂದವಳು ಇಲ್ಲಿ ಹಸು ಕಟ್ಟಿ ಡೈರಿಗೆ ಹಾಲು ಹಾಕುವುದನ್ನು ಕಲಿತೆ. ತವರಿನಲ್ಲಿ ತೆಲುಗು, ಇಲ್ಲಿ ಕನ್ನಡ. ಭಾವ ಭಾವಮೈದ ಇಬ್ಬರೂ ಪರಸ್ಪರ "ಬಾವಾ" ಅಂತ ಕೂಗಿಕೊಂಡು ನಡುಮನೆಯಲ್ಲಿ ಕೂತರೆ ಅವರ ರಾಜಕೀಯ ಮುಗಿಯುತ್ತಿರಲಿಲ್ಲ. ಅಡುಗೆಮನೆಯಿಂದ ನಾನು ಗದರುತ್ತಿದ್ದೆ. ಆಗ ಆ ಮಾತು ಕೇಳುವುದೇ ಒಂದು ಸಂತೋಷ ಅಂತ ನನಗೆ ಗೊತ್ತಿರಲಿಲ್ಲ.

ಪಕ್ಷದಲ್ಲಿ ಇಬ್ಬರು ನಾಯಕರಾದರು. ಜಿಲ್ಲಾಧ್ಯಕ್ಷ ಯಾರಾಗಬೇಕು, ಟಿಕೆಟು ಯಾರ ಕಡೆಯವರಿಗೆ ಅನ್ನುವುದಕ್ಕೆ ಶುರುವಾದ ಜಗಳ ಅದು. ಒಬ್ಬರು ಮಾಲೂರಿನಲ್ಲಿ ಸಭೆ ಕರೆದರೆ ಇನ್ನೊಬ್ಬರು ಅದೇ ದಿನ, ಅದೇ ಹೊತ್ತಿಗೆ ಕೋಲಾರದಲ್ಲಿ ಕರೆಯುವರು. ಬಾವುಟ ಒಂದೇ, ಚಿಹ್ನೆ ಒಂದೇ, ಮುಖ ನೋಡುವ ಹಾಗಿಲ್ಲ. ನಮ್ಮ ಮನೆಯವರು ಒಬ್ಬ ನಾಯಕರ ಹಿಂದೆ ಹೋದರು, ಅಣ್ಣ ಇನ್ನೊಬ್ಬರ ಹಿಂದೆ. ಎದುರು ಪಕ್ಷದವನ ಜೊತೆ ನಮ್ಮ ಮನೆಯವರು ಟೀ ಕುಡಿಯುತ್ತಿದ್ದರು, ಮದುವೆ ಮುಂಜಿಗೂ ಹೋಗುತ್ತಿದ್ದರು. ಸ್ವಂತ ಪಕ್ಷದ ಇನ್ನೊಂದು ಬಣದವನನ್ನು ಕಂಡರೆ ಮಾತ್ರ ರಸ್ತೆ ದಾಟುತ್ತಿದ್ದರು. ಇದೆಂಥ ಬುದ್ಧಿಯೋ, ನನಗೆ ಇವತ್ತಿಗೂ ತಲೆಗೆ ಹತ್ತಿಲ್ಲ.

ಆ ವರ್ಷ ಬೆಂಗಳೂರಿನ ಪಕ್ಷದ ಕಚೇರಿಗೆ ಒಂದು ದೂರು ಹೋಯಿತು. ಇಂತಿಂಥವರು ಪಕ್ಷ ವಿರೋಧಿ ಕೆಲಸ ಮಾಡುತ್ತಿದ್ದಾರೆ, ಉಚ್ಚಾಟಿಸಿ ಅಂತ. ಪಟ್ಟಿಯಲ್ಲಿ ನಮ್ಮ ಮನೆಯವರ ಹೆಸರಿತ್ತು. ಕೆಳಗೆ ಸಹಿ ಹಾಕಿದವರಲ್ಲಿ ಮೊದಲನೆಯವನು ನಮ್ಮಣ್ಣ. ಯಾರೋ ಪುಣ್ಯಾತ್ಮರು ಅದರ ಫೋಟೋ ವಾಟ್ಸಾಪಿಗೆ ಹಾಕಿದ್ದರು. ನಮ್ಮ ಮನೆಯವರು ಹಾಲು ಕರೆಯುತ್ತಿದ್ದ ನನ್ನ ಮುಖಕ್ಕೆ ಮೊಬೈಲ್ ಹಿಡಿದು, "ನೋಡು, ನಿಮ್ಮಣ್ಣನ ಅಕ್ಷರ. ದುಂಡಗಿದೆ ಅಲ್ವಾ?" ಅಂದರು. ಅಣ್ಣನ ಅಕ್ಷರ ನಿಜಕ್ಕೂ ದುಂಡಗಿರುತ್ತಿತ್ತು. "ಇನ್ಮೇಲೆ ಅವನು ಈ ಹೊಸ್ತಿಲು ತುಳೀಲಿ, ನೋಡ್ತೀನಿ" ಅಂದು ಹೊರಟುಹೋದರು.

ಉಚ್ಚಾಟನೆ ಯಾರದೂ ಆಗಲಿಲ್ಲ, ಸಿಟ್ಟು ಮಾತ್ರ ಉಳಿಯಿತು. ಗೌರಿ ಹಬ್ಬದ ದಿನ ಅಣ್ಣ ಫೋನ್ ಮಾಡಿದ. "ಕ್ರಾಸ್ ಹತ್ರ ಬಸ್ ಸ್ಟಾಪಲ್ಲಿದೀನಿ, ಬಾಮ್ಮಾ." ಮನೆಗೆ ಬಾ ಅಂದೆ. "ನಿಮ್ಮನೆ ಗೋಡೆ ಮೇಲೆ ಆ ನಿಮ್ಮ ನಾಯಕನ ಫೋಟೋ ಇದೆ. ಅದರ ಕೆಳಗೆ ಕೂತು ನಾನು ಊಟ ಮಾಡಲ್ಲ" ಅಂದ. ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಮಟಮಟ ಮಧ್ಯಾಹ್ನ ಬಸ್ ಸ್ಟಾಪಿಗೆ ನಡೆದೆ. ಕಟ್ಟೆಯ ಮೇಲೆ ಯಾರೋ ಬೀಡಿ ಸೇದುತ್ತಿದ್ದರು. ಅವರ ಎದುರಿಗೇ ಅಣ್ಣ ಮೊರ ಎತ್ತಿ ಕೊಟ್ಟ, ನಾನು ಸೆರಗೊಡ್ಡಿದೆ. ಬಸ್ಸು ಬಂತು, ಹತ್ತಿ ಹೋದ. ವಾಪಸು ಬರುವಾಗ ಡೈರಿ ಹತ್ತಿರ ನಿಂತಿದ್ದ ಹೆಂಗಸರು ಕೇಳಿಯೇಬಿಟ್ಟರು, "ಯಾಕಮ್ಮ, ನಿಮ್ಮಣ್ಣ ಊಟಕ್ಕೂ ನಿಲ್ಲಲಿಲ್ವಾ?" ಏನೋ ಅರ್ಜೆಂಟು ಕೆಲಸವಂತೆ ಅಂದೆ. ನಾಚಿಕೆಯಿಂದ ಸತ್ತುಹೋಗುವ ಹಾಗಾಯಿತು.

ಮುಂದಿನ ವರ್ಷವೂ ಅದೇ ಬಸ್ ಸ್ಟಾಪು. ಅದರ ಮುಂದಿನ ವರ್ಷ ಫೋನ್ ಬಂದಾಗ ನನಗೆ ರೇಗಿಹೋಯಿತು. "ಬಾಗಿನವನ್ನ ನಾನು ರಸ್ತೇಲಿ ತಗೊಳ್ಳಲ್ಲ. ನಾನೇನು ಬೀದೀಲಿ ಹುಟ್ಟಿದವಳಾ? ತರೋದಿದ್ರೆ ಮನೆಗೆ ತಾ, ಇಲ್ದಿದ್ರೆ ಬೇಡ" ಅಂದೆ. ಅವನು ಫೋನ್ ಇಟ್ಟ. ಎರಡು ವರ್ಷ ಬಾಗಿನ ಬರಲಿಲ್ಲ. ತಂದೆತಾಯಿ ಇಲ್ಲದ ನನಗೆ ತವರು ಅಂದರೆ ಅವನೊಬ್ಬನೇ. ಹಬ್ಬದ ದಿನ ಬೇರೆಯವರ ಮನೆಯ ಮೊರ ನೋಡಿ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಬೈದದ್ದು ಹೆಚ್ಚಾಯಿತೇನೋ ಅಂತ ಒಂದೊಂದು ಸಲ ಅನ್ನಿಸುತ್ತಿತ್ತು. ಮರುಕ್ಷಣವೇ, ನಾನು ಕೇಳಿದ್ದರಲ್ಲಿ ತಪ್ಪೇನಿತ್ತು ಅಂತ ಮತ್ತೆ ಸಿಟ್ಟು ಬರುತ್ತಿತ್ತು.

ಹೀಗಿರುವಾಗ ಒಂದು ದಿನ ಟೀವಿಯಲ್ಲಿ ಆ ಇಬ್ಬರು ನಾಯಕರೂ ಅಕ್ಕಪಕ್ಕ ನಿಂತು ನಗುತ್ತಿದ್ದರು. ಮೇಲಿನವರು ಕೂರಿಸಿ ರಾಜಿ ಮಾಡಿಸಿದ್ದರಂತೆ. ಒಬ್ಬರ ಬಾಯಿಗೆ ಒಬ್ಬರು ಮೈಸೂರುಪಾಕು ಇಡುತ್ತಿದ್ದರು. ಸಂಜೆ ಅಣ್ಣನ ಫೋನ್ ಬಂತು. "ಏಮ್ಮಾ, ಬಾಗುನ್ನಾವಾ?" ಅಂದ. ಚೆನ್ನಾಗಿದೀಯಾ ಅಂತ ಅವನು ಕೇಳಿ ಎರಡು ವರ್ಷವಾಗಿತ್ತು. "ಈ ಸಲ ಮನೆಗೇ ಬರ್ತೀನಿ ಕಣಮ್ಮ. ಮೇಲಿಂದ ಹೇಳವ್ರೆ, ಎಲ್ಲಾ ಒಂದಾಗಿದೀವಿ" ಅಂದ. ಮೇಲಿನವರು ಹೇಳಿದ್ದಕ್ಕೆ ಬರುತ್ತೀಯಾ, ತಂಗಿ ಕರೆದಾಗ ಏನಾಗಿತ್ತು ರೋಗ ಅಂತ ಕೇಳಬೇಕೆಂದು ನಾಲಿಗೆ ತುದಿಯವರೆಗೆ ಬಂತು. ನುಂಗಿಕೊಂಡೆ. ಬರಲಿ, ಹೇಗಾದರೂ ಬರಲಿ ಅನ್ನಿಸಿತು.

ಹಬ್ಬದ ದಿನ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅದೇ ಥರ ಹೊಸ ಟವೆಲು, ಅದೇ ಥರ ಮೊರ, ಜೊತೆಗೆ ಅತ್ತಿಗೆ ಹಾಕಿಕೊಟ್ಟ ಮಾವಿನ ಉಪ್ಪಿನಕಾಯಿ ಜಾಡಿ. ಬಾಗಿಲಲ್ಲಿ ನಮ್ಮ ಮನೆಯವರು ನಿಂತಿದ್ದರು. "ಬಾ ಬಾವ" ಅಂದರು. "ಹೂಂ ಬಾವ" ಅಂದ ಅವನು. ಬಾಗಿನವನ್ನು ದೇವರ ಮುಂದೆ ಇಟ್ಟ. ನಾನಿನ್ನೂ ಒಬ್ಬಟ್ಟು ತಟ್ಟುತ್ತಿದ್ದೆ, ಕೈಯೆಲ್ಲ ಎಣ್ಣೆ. "ಮೊದಲು ಊಟ ಮಾಡು, ಆಮೇಲೆ ಕೈತೊಳ್ಕೊಂಡು ಮಡಿ ಸೀರೆ ಉಟ್ಟು ತಗೋತೀನಿ" ಅಂದೆ. ನಾನು ಮಾಡಿದ ತಪ್ಪು ಅದೇ. ಎಣ್ಣೆ ಕೈಯಲ್ಲೇ ಸೆರಗೊಡ್ಡಬೇಕಾಗಿತ್ತು.

ಇಬ್ಬರೂ ಪಕ್ಕಪಕ್ಕ ಕೂತರು. ಮೊದಮೊದಲು ಮಳೆ, ಟೊಮೆಟೊ ರೇಟು, ಹಸುವಿನ ಕಾಲುಬಾಯಿ ಜ್ವರ ಅಂತ ಮಾತಾಡಿದರು. ಒಬ್ಬಟ್ಟಿಗೆ ತುಪ್ಪ ಹಾಕುವ ಹೊತ್ತಿಗೆ ನಮ್ಮ ಮನೆಯವರು ಏನೋ ತಮಾಷೆ ಮಾಡಿದರು, ಅಣ್ಣ ಹಳೆಯ ಥರ ತಲೆ ಹಿಂದಕ್ಕೆ ಹಾಕಿ ನಕ್ಕ. ಬಾಗಿಲಿಗೆ ಒರಗಿ ಇದನ್ನು ನೋಡುತ್ತಾ ನಿಂತೆ. ಆಗಲೇ ಅಣ್ಣನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಅವನು ಎಡಗೈಯಲ್ಲಿ ತೆಗೆಯುವಷ್ಟರಲ್ಲಿ ನಮ್ಮ ಮನೆಯವರ ಫೋನೂ ಬಡಿದುಕೊಂಡಿತು. ಜಿಲ್ಲಾಧ್ಯಕ್ಷರ ಹೆಸರು ಹೊರಬಿದ್ದಿತ್ತಂತೆ. ಅದು ನಮ್ಮ ಮನೆಯವರ ಕಡೆಯವರ ಹೆಸರು. ಅಣ್ಣನ ನಾಯಕರು ಆಗಲೇ ಟೀವಿಯವರ ಮುಂದೆ ನಿಂತು, ನನಗೆ ಮೋಸವಾಯಿತು ಅನ್ನುತ್ತಿದ್ದರಂತೆ.

ಅಣ್ಣ ಫೋನನ್ನು ಕೆಳಗಿಟ್ಟು ಎಲೆಯನ್ನೇ ನೋಡಿದ. "ನಿಂಗೆ ಮೊದಲೇ ಗೊತ್ತಿತ್ತೇನೋ?" ಅಂದ. ನಮ್ಮ ಮನೆಯವರು ಇಲ್ಲ ಅನ್ನಬಹುದಿತ್ತು. ನಿಜವಾಗಿ ಅವರಿಗೆ ಗೊತ್ತೂ ಇರಲಿಲ್ಲ. ಆದರೆ ಅವರ ಮುಖದಲ್ಲಿ ಗೆದ್ದ ಕಳೆ ಬಂದಿತ್ತು, ಅದನ್ನು ಅವರು ಮುಚ್ಚಿಕೊಳ್ಳಲಿಲ್ಲ. "ಊಟ ಮಾಡು ಬಾವ, ಅದೇನು ಈಗ" ಅಂದರು, ನಗುತ್ತಾ. ಆ ನಗು ಸಾಕಾಯಿತು. ಅಣ್ಣ ಅರ್ಧ ಒಬ್ಬಟ್ಟು ಬಿಟ್ಟು ಎದ್ದ. "ಅಣ್ಣಾ, ಎಲೆ ಮುಂದಿಂದ ಏಳಬೇಡ್ವೋ!" ಅಂತ ಕೂಗಿದೆ. ಹಿತ್ತಲಲ್ಲಿ ಕೈ ತೊಳೆದು, ಚಪ್ಪಲಿ ಮೆಟ್ಟಿ, ಬಸ್ ಸ್ಟಾಪಿನ ಕಡೆ ನಡೆದುಬಿಟ್ಟ. ನಮ್ಮ ಮನೆಯವರು ಅಷ್ಟರಲ್ಲಿ ಇನ್ನೊಂದು ಫೋನ್ ಎತ್ತಿ "ಕಂಗ್ರಾಟ್ಸ್ ಅಣ್ಣಾ" ಅನ್ನುತ್ತಿದ್ದರು. ಇಬ್ಬರಲ್ಲಿ ಒಬ್ಬರೂ ನನ್ನ ಕಡೆ ನೋಡಲಿಲ್ಲ. ಬಾಗಿನ ದೇವರ ಮುಂದೆ ಇಟ್ಟಲ್ಲೇ ಇತ್ತು.

ಮೂರನೆಯ ದಿನ ಅದನ್ನು ಅದೇ ಟವೆಲಿನಲ್ಲಿ ಕಟ್ಟಿಕೊಂಡು ನಾನೇ ಬಸ್ಸು ಹತ್ತಿದೆ. ಅವನ ಕೈಯಿಂದ ಒಂದು ಸಲ ಕೊಡಿಸಿಕೊಂಡು ಬಂದರೆ ಸಾಕು, ಆಮೇಲೆ ಇಬ್ಬರೂ ಏನು ಬೇಕಾದರೂ ಮಾಡಿಕೊಳ್ಳಲಿ ಅನ್ನುವುದು ನನ್ನ ಹಟ. ತವರಿನ ಮುಂದೆ ಆರೇಳು ಬೈಕು ನಿಂತಿದ್ದವು. ನಡುಮನೆಯ ತುಂಬ ಅವನ ಬಣದವರು, ಸಾಮೂಹಿಕ ರಾಜೀನಾಮೆಯ ಪತ್ರ ಬರೆಯುತ್ತಿದ್ದರು. ನನ್ನನ್ನು ಕಂಡದ್ದೇ ಎಲ್ಲರೂ ಮಾತು ನಿಲ್ಲಿಸಿದರು. ಒಬ್ಬ ಬರೆಯುತ್ತಿದ್ದ ಹಾಳೆಯನ್ನು ಮಗುಚಿ ಇಟ್ಟ. ನಾನು ಹುಟ್ಟಿದ ಮನೆಯ ನಡುಮನೆ ಅದು.

ಅಣ್ಣ ಎದ್ದು ಜಗಲಿಗೆ ಬಂದ. ನಾನು ಮೊರವನ್ನು ಅವನ ಕಡೆ ನೀಡಿ, "ಕೊಡಣ್ಣಾ, ಮೊನ್ನೆ ನೀನು ಕೊಡ್ದೇ ಬಂದ್ಬಿಟ್ಟೆ" ಅಂದೆ. ಅವನು ಒಳಗಿದ್ದವರ ಕಡೆ ಒಂದು ಸಲ ತಿರುಗಿ ನೋಡಿದ. ಆಮೇಲೆ ನನ್ನ ಕಡೆ ಬಾಗಿ, ದನಿ ತಗ್ಗಿಸಿ, ನಾವಿಬ್ಬರೂ ಹುಟ್ಟಿದಾಗಿನಿಂದ ಆಡಿಕೊಂಡು ಬಂದ ತೆಲುಗಿನಲ್ಲೇ ಕೇಳಿದ.

"ಮೀ ವಾಳ್ಳು ಪಂಪಿಂಚಿನಾರಾ?"

ನಿಮ್ಮ ಕಡೆಯವರು ಕಳಿಸಿದರಾ ಅಂತ. ಇಲ್ಲಿ ಏನು ನಡೆಯುತ್ತಿದೆ ಅಂತ ನೋಡಿಕೊಂಡು ಬಾ ಅಂದರಾ ಅಂತ. ಜಗಳ ಆಡುವುದಕ್ಕೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಊರಿಗೇ ಗೊತ್ತು. ಅವತ್ತು ಮಾತ್ರ ಟವೆಲಿನ ಗಂಟನ್ನು ಮತ್ತೆ ಬಿಗಿ ಮಾಡಿಕೊಂಡು ತಿರುಗಿ ನಡೆದೆ. ಅತ್ತಿಗೆ ಬಾಗಿಲವರೆಗೆ ಓಡಿಬಂದು, ಕಾಫಿ ಕುಡ್ಕೊಂಡು ಹೋಗಮ್ಮ ಅಂದದ್ದು ಕೇಳಿಸಿತು.

ಬಸ್ಸಿನಲ್ಲಿ ಕಂಡಕ್ಟರು ಅದನ್ನು ಮೇಲಿಡಿ ಅಂದ. ನಾನು ಕೊಡಲಿಲ್ಲ, ವಕ್ಕಲೇರಿಯವರೆಗೂ ತೊಡೆಯ ಮೇಲೇ ಇಟ್ಟುಕೊಂಡು ಬಂದೆ. ಬೆಲ್ಲಕ್ಕೆ ಇರುವೆ ಹತ್ತಿದಾಗ ಬೆಲ್ಲವನ್ನು ತೆಗೆದುಹಾಕಿದೆ, ಅಕ್ಕಿಗೆ ಹುಳ ಬಿದ್ದಾಗ ಅಕ್ಕಿಯನ್ನು ಕೋಳಿಗಳಿಗೆ ಎರಚಿದೆ. ಬಳೆ ಮಾತ್ರ ಮೊರದಲ್ಲೇ ಇವೆ. ಅಣ್ಣನಿಗೆ ನನ್ನ ಕೈಯ ಅಳತೆ ಇನ್ನೂ ನೆನಪಿತ್ತು, ಸರಿಯಾದ ಅಳತೆಯ ಬಳೆಯನ್ನೇ ತಂದಿದ್ದ.